ಎಂಪಿ ಹೇಗೆ ವೋಟ್ ಹಾಕಿದರು ಅಂತ ತಿಳಿಯುವುದು ಹೇಗೆ?

ನಮ್ಮ ಸಂಸದರ ಫೇಸ್‌ಬುಕ್‌ನಲ್ಲಿ ಬರೀ ಉದ್ಘಾಟನೆ ಫೋಟೋ ಇವೆ, ಮಸೂದೆಗಳಿಗೆ ಅವರು ಹೇಗೆ ವೋಟ್ ಹಾಕಿದರು ಅಂತ ಎಲ್ಲಿ ನೋಡೋದು ಅಂತ ಕೇಳಿದ್ದೀರಿ. ಬೇಜಾರಿನ ಸಂಗತಿ ಅಂದ್ರೆ, ಲೋಕಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಒಂದಷ್ಟು ಜನ 'ಹೌದು' ಅಂತಾರೆ, ಒಂದಷ್ಟು ಜನ 'ಇಲ್ಲ' ಅಂತಾರೆ, ಮುಗೀತು. ಯಾರು ಏನಂದರು ಅನ್ನುವುದು ದಾಖಲಾಗುವುದಿಲ್ಲ. ಯಾರಾದರೂ ಡಿವಿಷನ್, ಅಂದ್ರೆ ವೋಟ್ ಎಣಿಸಿ ಅಂತ ಕೇಳಿದರೆ ಮಾತ್ರ ಬಟನ್ ಒತ್ತುತ್ತಾರೆ. ಆಗ ಹೆಸರುಗಳು ಆ ದಿನದ ಕಲಾಪದ ವರದಿಯಲ್ಲಿ ಸಿಗುತ್ತವೆ. ಸಿಕ್ಕಿದರೂ ಅದು ಜಾಸ್ತಿ ಏನೂ ಹೇಳುವುದಿಲ್ಲ. ಪಕ್ಷದ ವಿಪ್ (ಹೀಗೇ ವೋಟ್ ಹಾಕಿ ಅನ್ನುವ ಆದೇಶ) ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸೀಟೇ ಹೋಗಬಹುದು, ಅಲ್ವಾ?

ನಾನಾದರೆ ಪ್ರಶ್ನೆಗಳನ್ನು ನೋಡುತ್ತೇನೆ. ಸಂಸತ್ತಿನ ವೆಬ್‌ಸೈಟ್‌ನಲ್ಲಿ ಸದಸ್ಯರ ಹೆಸರು ಹಾಕಿದರೆ ಅವರು ಕೇಳಿದ್ದು, ಸಚಿವರು ಉತ್ತರಿಸಿದ್ದು ಎರಡೂ ಬರುತ್ತವೆ. ಹಾಜರಾತಿ ಲೆಕ್ಕ ಪಿಆರ್‌ಎಸ್ ಅನ್ನುವ ಸಂಶೋಧನಾ ಸಂಸ್ಥೆಯ ಸೈಟ್‌ನಲ್ಲಿದೆ. ನಿಮ್ಮವರು ಸಚಿವರಾಗಿದ್ದರೆ ಅಲ್ಲಿ ಖಾಲಿ ಕಾಣುತ್ತದೆ, ಸುಮ್ನೆ ಬೈಯಬೇಡಿ. ಸಚಿವರು ಹಾಜರಿ ಹಾಕುವುದಿಲ್ಲ.

ಸಂಸದರಿಗೆ ಪತ್ರ ಬರೆಯುವುದಾದರೆ ಅವರು ಕೇಳಿದ ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿಯೇ ಬರೆಯಿರಿ. ನಾನು ಮೊದಲ ಸಲ ಎರಡು ಪುಟ ತೋಡಿಕೊಂಡಿದ್ದೆ. 'ನಿಮ್ಮ ಪತ್ರ ತಲುಪಿದೆ' ಅಂತ ಒಂದು ಸಾಲು ಬಂತು, ಅಷ್ಟೇ.