ಅಟ್ಟದಿಂದ ಇಳಿದ ಗಾಲ್ಫ್ ಕಿಟ್ಟು

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್ ಆಗಿದ್ದವನು. ಗಾಲ್ಫ್ ಕಲಿತದ್ದು ಅಲ್ಲೇ. ಹ್ಯಾಂಡಿಕ್ಯಾಪ್ (ಕಡಿಮೆಯಾದಷ್ಟೂ ಆಟ ಉತ್ತಮ ಅನ್ನುವ ಲೆಕ್ಕ) 18ರವರೆಗೂ ಇಳಿಸಿದ್ದೆ. 2002ರಲ್ಲಿ ಕಾಫಿ ಬೆಲೆ ನೆಲ ಕಚ್ಚಿದ್ದಾಗ ಕೆಲಸವೂ ಹೋಯಿತು, ಆಟವೂ ನಿಂತಿತು. ಈಗ 62 ವರ್ಷ, ಮೈಸೂರಿನಲ್ಲಿದ್ದೇನೆ. ಮತ್ತೆ ಆಡುವ ಆಸೆ. ಅಟ್ಟದ ಮೇಲೆ ಹಳೇ ಕಿಟ್ಟು ಇದೆ: ಮರದ ತಲೆಯ ಡ್ರೈವರ್, 3ರಿಂದ 9ರವರೆಗೆ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಎಲ್ಲಾ ಸ್ಟೀಲ್ ಶಾಫ್ಟ್. ಅಮೆರಿಕದಲ್ಲಿರುವ ಮಗ "ಅದನ್ನೆಲ್ಲ ಗುಜರಿಗೆ ಹಾಕಪ್ಪ, ಹೊಸ ಸೆಟ್ ತರ್ತೀನಿ" ಅಂತಾನೆ. ಹಾಕಲಾ? ಇಟ್ಟುಕೊಂಡರೆ ಏನೇನು ಬದಲಿಸಬೇಕು?
– ಹೆಸರು ಬೇಡ, ಮೈಸೂರು

ಉತ್ತರ: ಗುಜರಿಗೆ ಬೇಡ ಸರ್. ಮಗನಿಗೂ ಸ್ವಲ್ಪ ತಡೆಯಪ್ಪ ಅನ್ನಿ.

ಯಾಕೆ ಅಂದರೆ, ಈ ತಪ್ಪು ನಾನೇ ಮಾಡಿದ್ದೇನೆ. ಹನ್ನೆರಡನೇ ವಯಸ್ಸಿಗೆ ನಿಮ್ಮೂರಿನಲ್ಲೇ, ಚಾಮುಂಡಿ ಬೆಟ್ಟದ ಬುಡದ ಕೋರ್ಸಿನಲ್ಲಿ, ಕಂಡವರ ಕಿಟ್ಟು ಹೊತ್ತವನು ನಾನು. ಆಮೇಲೆ ಬೆಂಗಳೂರಿನಲ್ಲಿ 28 ವರ್ಷ ಕ್ಲಬ್ ರಿಪೇರಿ. (ಹೊಸ ಓದುಗರಿಗೆ: ಇಲ್ಲಿ ಕ್ಲಬ್ ಅಂದರೆ ಆಡುವ ಕೋಲು. ತುಂಬಾ ದೂರಕ್ಕೆ ಹೊಡೆಯುವುದು ಡ್ರೈವರ್, ನಡುವಿನ ದೂರಗಳಿಗೆ ನಂಬರ್ ಹಾಕಿದ ಐರನ್, ಹತ್ತಿರಕ್ಕೆ ವೆಜ್, ಕುಳಿಗೆ ಉರುಳಿಸಲು ಪಟರ್. ಶಾಫ್ಟ್ ಅಂದರೆ ಹಿಡಿಗೂ ತಲೆಗೂ ನಡುವಿನ ದಂಡ.) ಭುಜದ ನೋವಿನಿಂದ ಒಂಬತ್ತು ವರ್ಷ ಆಟ ಬಿಟ್ಟೆ. ವಾಪಸ್ ಬಂದ ಮೊದಲ ವಾರವೇ ಹೊಸ ಡ್ರೈವರ್ ಕೊಂಡೆ. ಶಾಫ್ಟ್ ಯಾವುದು ಬೇಕು ಅಂತ ಅಂಗಡಿ ಹುಡುಗ ಕೇಳಿದ. ನಲವತ್ತರಲ್ಲಿ ಸ್ಟಿಫ್, ಅಂದರೆ ಜೋರಾಗಿ ಬೀಸುವವರ ಬಿಗಿ ಶಾಫ್ಟ್, ಆಡುತ್ತಿದ್ದವನು, ಆ ಹುಡುಗನ ಎದುರು "ರೆಗ್ಯುಲರ್" ಅನ್ನಲು ನಾಲಿಗೆ ಏಳಲಿಲ್ಲ. ಎರಡು ತಿಂಗಳು ಚೆಂಡೆಲ್ಲ ಬಲಗಡೆಯ ಪೊದೆಗೆ. ಕೊನೆಗೆ ಯಂತ್ರದ ಮುಂದೆ ನಿಂತು ಬೀಸಿದೆ. ಡ್ರೈವರ್ ತಲೆಯ ವೇಗ ಗಂಟೆಗೆ 79 ಮೈಲಿ ಅಂತ ಬಂತು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ನನ್ನ ಅಳತೆಯೇ ಗೊತ್ತಿರಲಿಲ್ಲ. ಆ ಡ್ರೈವರನ್ನು ಅರ್ಧ ಬೆಲೆಗೆ ಒಬ್ಬ ಕಾಲೇಜು ಹುಡುಗನಿಗೆ ಕೊಟ್ಟೆ. ಅವನು ಈಗಲೂ ಅದರಲ್ಲೇ ಚೆನ್ನಾಗಿ ಹೊಡೆಯುತ್ತಾನೆ, ಅದೊಂದು ಹೊಟ್ಟೆಯುರಿ.

ನೀವೂ ಹಾಗೇ. ನಿಮಗೆ ನೆನಪಿರುವುದು 2002ರ ಸ್ವಿಂಗು. 62ರ ಸ್ವಿಂಗು ಹೇಗಿದೆ ಅಂತ ನಿಮಗೂ ಗೊತ್ತಿಲ್ಲ, ನಿಮ್ಮ ಮಗನಿಗೂ ಗೊತ್ತಿಲ್ಲ. ಮೈ ಬಿಗಿ ಬಿಡಲು ಆರೇಳು ವಾರ ಬೇಕು. ಅಲ್ಲಿಯವರೆಗೆ ಹಳೇ ಕಿಟ್ಟಿನಲ್ಲೇ ಆಡಿ. ಆದರೆ ಅಟ್ಟದಿಂದ ಇಳಿಸಿದ ಹಾಗೇ ಸೀದಾ ಕೋರ್ಸಿಗೆ ಒಯ್ಯಬೇಡಿ.

ಮೊದಲು ತಲೆಗಳನ್ನು ನೋಡಿ. ಐರನ್ನಿನ ತಲೆಯನ್ನು ಶಾಫ್ಟಿಗೆ ಹಿಡಿದಿರುವುದು ಬರೀ ಎಪಾಕ್ಸಿ ಅಂಟು. ಇಪ್ಪತ್ತು ವರ್ಷದ ಬಿಸಿಲು, ಚಳಿ, ಮಲೆನಾಡಿನ ತೇವ ಎಲ್ಲ ಉಂಡ ಅಂಟನ್ನು ನಂಬುವ ಹಾಗಿಲ್ಲ. ಒಂದು ಕೈಯಲ್ಲಿ ಶಾಫ್ಟ್ ಹಿಡಿದು ಇನ್ನೊಂದು ಕೈಯಲ್ಲಿ ತಲೆಯನ್ನು ತಿರುಚಿ ನೋಡಿ. ಕಟಕ್ ಅಂದರೆ, ಚೂರು ಅಲುಗಿದರೆ, ಅದು ರಿಪೇರಿಗೆ. ಒಮ್ಮೆ ನನ್ನ 5 ಐರನ್ನಿನ ತಲೆ ಹಾರಿ ಹೋಗಿ ನಲವತ್ತು ಗಜ ಮುಂದೆ ಬಿತ್ತು. ಚೆಂಡು ಮಾತ್ರ ಇದ್ದಲ್ಲೇ ಇತ್ತು. ಕ್ಯಾಡಿ (ಕಿಟ್ಟು ಹೊರುವವನು) ನಕ್ಕ, ನಾನೂ ನಕ್ಕೆ. ಮುಂದೆ ಯಾರಾದರೂ ನಿಂತಿದ್ದರೆ ನಗುವ ಮಾತಾಗುತ್ತಿರಲಿಲ್ಲ. ಶಾಫ್ಟಿನ ಬುಡದಲ್ಲಿ, ತಲೆ ಸೇರುವ ಜಾಗದಲ್ಲಿ, ತುಕ್ಕು ಹಿಡಿದು ಹೊಪ್ಪಳೆ ಎದ್ದಿದೆಯಾ ಅಂತಲೂ ನೋಡಿ. ಮೇಲ್ಮೈಯ ಕಂದು ಕಲೆ ಒರೆಸಿದರೆ ಹೋಗುತ್ತದೆ. ಗುಳಿ ಬಿದ್ದಿದ್ದರೆ ಶಾಫ್ಟ್ ಬದಲಿಸಲೇಬೇಕು.

ಆಮೇಲೆ ಗ್ರಿಪ್, ಅಂದರೆ ಕೈ ಹಿಡಿಯುವ ಹಿಡಿ. ಇದರಲ್ಲಿ ಚೌಕಾಸಿ ಇಲ್ಲ, ಎಲ್ಲವನ್ನೂ ಬದಲಿಸಿ. ಹಳೇ ರಬ್ಬರು ಗಟ್ಟಿಯಾಗಿ ಹಳೇ ಸೈಕಲ್ಲಿನ ಹಿಡಿಯ ಹಾಗೆ ಹೊಳೆಯುತ್ತಿರುತ್ತದೆ. ಜಾರುತ್ತದೆ ಅಂತ ನಿಮಗೆ ಗೊತ್ತಿಲ್ಲದೇ ಬೆರಳು ಬಿಗಿ ಹಿಡಿಯುತ್ತೀರಿ. ಬೆರಳು ಬಿಗಿಯಾದರೆ ಮೊಣಕೈ ಬಿಗಿ, ಅಲ್ಲಿಂದ ಭುಜ. ವಾಪಸ್ ಬಂದವರಿಗೆ ಮೊದಲ ತಿಂಗಳೇ ಮೊಣಕೈ ನೋವು ಬರಲು ಅರ್ಧ ಕಾರಣ ಈ ಗ್ರಿಪ್ಪು ಅಂತ ನನ್ನ ಅಂದಾಜು. ಕೆಲಸ ಸುಲಭ: ಹಳೇದನ್ನು ಸೀಳಿ ತೆಗೆದು, ಎರಡೂ ಕಡೆ ಅಂಟುವ ಟೇಪ್ ಸುತ್ತಿ, ಮೇಲೆ ಸಾಲ್ವೆಂಟ್ ಸುರಿದು ಹೊಸದನ್ನು ತೂರಿಸುವುದು. ಒಂದು ರಾತ್ರಿ ಬಿಟ್ಟರೆ ಮುಗಿಯಿತು. ನಿಮ್ಮ ಬೆರಳಿನ ಗಂಟುಗಳಲ್ಲಿ ನೋವಿದ್ದರೆ ಒಂದು ಸೈಜು ದಪ್ಪದ್ದು ಕೇಳಿ. ಹಿಡಿಯಲು ಅಷ್ಟು ಬಲ ಬೇಕಾಗುವುದಿಲ್ಲ.

ಮರದ ಡ್ರೈವರನ್ನು ಗೋಡೆಗೆ ತೂಗುಹಾಕಿ. ಬೇಸರ ಬೇಡ. ಅದು ಪರ್ಸಿಮನ್ ಮರ ಇರಬೇಕು, ನೋಡಲು ಅದಕ್ಕಿಂತ ಚೆಂದದ ಕ್ಲಬ್ ಇನ್ನೊಂದಿಲ್ಲ. ಆದರೆ ಡ್ರೈವರ್ ಬದಲಾದಷ್ಟು ಬೇರೆ ಯಾವ ಕ್ಲಬ್ಬೂ ಬದಲಾಗಿಲ್ಲ. 1991ರಲ್ಲಿ ಬಂದ ಬಿಗ್ ಬರ್ತಾ ಅನ್ನುವ ಡ್ರೈವರನ್ನು ಆಗ ದೊಡ್ಡದು ಅಂತಿದ್ದರು. ಅದರ ತಲೆ 190 ಸಿಸಿ. ಈಗ ನಿಯಮ ಬಿಡುವ ಮಿತಿಯೇ 460 ಸಿಸಿ, ಬಹಳಷ್ಟು ಡ್ರೈವರ್‌ಗಳು ಆ ಮಿತಿಯ ಹತ್ತಿರವೇ ಇವೆ. ಪರ್ಸಿಮನ್ನಿನಲ್ಲಿ ಚೆಂಡು ಮಧ್ಯದಿಂದ ಒಂದು ಬೆರಳು ಆಚೆ ಬಿದ್ದರೆ ಕೈ ಜುಮ್ ಅನ್ನುತ್ತಿತ್ತಲ್ವಾ? ಟೈಟಾನಿಯಂ ತಲೆಯಲ್ಲಿ ಅಂಥ ಹೊಡೆತವೂ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ಸೇರುತ್ತದೆ. ಹಾಗಾಗಿ ಆರು ವಾರದ ನಂತರ ಮಗನ ದುಡ್ಡು ಖರ್ಚಾಗಲಿ ಅಂತ ನಿಮಗನಿಸಿದರೆ, ಮೊದಲು ಡ್ರೈವರ್‌ಗೇ ಆಗಲಿ.

ಕೊಳ್ಳುವಾಗ ಲಾಂಚ್ ಮಾನಿಟರ್, ಅಂದರೆ ಆಗಲೇ ಹೇಳಿದ ವೇಗ ಅಳೆಯುವ ಯಂತ್ರ, ಇರುವ ಕಡೆ ಹೋಗಿ. ವೇಗ 85ರ ಆಸುಪಾಸು ಇದ್ದರೆ ಆರ್, ಅಂದರೆ ರೆಗ್ಯುಲರ್ ಶಾಫ್ಟ್. 75ರ ಹತ್ತಿರ ಬಂದರೆ ಎ, ಅಂದರೆ ಸೀನಿಯರ್. ನಾಚಿಕೆ ಬೇಡ, ಆ ಅಕ್ಷರ ನಿಮಗೆ ಬಿಟ್ಟು ಇನ್ಯಾರಿಗೂ ಕಾಣುವುದಿಲ್ಲ. ಲಾಫ್ಟ್ (ಮುಖ ಹಿಂದಕ್ಕೆ ಮಲಗಿರುವ ಕೋನ) ಹತ್ತೂವರೆ ಡಿಗ್ರಿಗಿಂತ ಕಡಿಮೆ ಬೇಡ, ಹನ್ನೆರಡಾದರೂ ಸರಿ. ಇನ್ನೊಂದು ಸಣ್ಣ ವಿಷಯ, ಎಲ್ಲರೂ ಮರೆಯುವುದು: ನಿಮ್ಮ ಬ್ಯಾಗಿನ ಹಳೇ ಗಿಡ್ಡ ಟೀ (ಚೆಂಡು ಕೂರಿಸುವ ಸಣ್ಣ ಗೂಟ) ಈ ದೊಡ್ಡ ತಲೆಗೆ ಸಾಲುವುದಿಲ್ಲ. ಡ್ರೈವರನ್ನು ನೆಲಕ್ಕಿಟ್ಟಾಗ ಅದರ ನೆತ್ತಿಯ ಮೇಲೆ ಅರ್ಧ ಚೆಂಡು ಕಾಣಬೇಕು. ಉದ್ದನೆಯ ಟೀ ಒಂದು ಪ್ಯಾಕೆಟ್ ತೆಗೆದುಕೊಳ್ಳಿ.

ಎರಡನೆಯದು, ನಿಮ್ಮ 3 ಮತ್ತು 4 ಐರನ್. ಅವನ್ನು ಆಗಲೂ ನೀವು ಚೆನ್ನಾಗಿ ಹೊಡೆಯುತ್ತಿರಲಿಲ್ಲ ಅಂತ ಪಂದ್ಯ ಕಟ್ಟುತ್ತೇನೆ. 18 ಹ್ಯಾಂಡಿಕ್ಯಾಪಿನವರು ಯಾರೂ ಹೊಡೆಯುತ್ತಿರಲಿಲ್ಲ. ಅವುಗಳ ಜಾಗಕ್ಕೆ ಈಗ ಹೈಬ್ರಿಡ್ ಬಂದಿದೆ. ಅರ್ಧ ವುಡ್ (ಡ್ರೈವರ್ ಜಾತಿಯ ಕ್ಲಬ್), ಅರ್ಧ ಐರನ್ ಅನ್ನಿ. ಉದ್ದ ಹುಲ್ಲಿನಿಂದಲೂ ಚೆಂಡನ್ನು ಎತ್ತಿ ಕೊಡುತ್ತದೆ. ಒಂದೇ ಒಂದು ತೆಗೆದುಕೊಳ್ಳಿ, 22 ಡಿಗ್ರಿ ಸುತ್ತಮುತ್ತ.

ಉಳಿದ ಐರನ್ ಸದ್ಯಕ್ಕೆ ಇರಲಿ. ಇಲ್ಲೊಂದು ಅಂಗಡಿ ಕಣ್ಕಟ್ಟಿದೆ, ಗೊತ್ತಿರಲಿ. ಹೊಸ ಸೆಟ್ಟಿನ 7 ಐರನ್ ಕೊಟ್ಟು ಹೊಡೆಯಿರಿ ಅಂತಾರೆ. ನಿಮ್ಮ ಹಳೇ 7ಕ್ಕಿಂತ ಇಪ್ಪತ್ತು ಗಜ ಜಾಸ್ತಿ ಹೋಗುತ್ತದೆ. ಖುಷಿಯಲ್ಲಿ ಪರ್ಸ್ ತೆಗೆಯುತ್ತೀರಿ. ಅಸಲಿಗೆ ಹಳೇ 7ರ ಮುಖ ಸುಮಾರು 35 ಡಿಗ್ರಿ ಮಲಗಿರುತ್ತಿತ್ತು. ಈಗ ಬರುವ ಬಹಳಷ್ಟು ಸೆಟ್ಟುಗಳಲ್ಲಿ ಅದು 30, ಕೆಲವದರಲ್ಲಿ ಇನ್ನೂ ಕಡಿಮೆ. ಅಂದರೆ ನಿಮ್ಮ ಹಳೇ 6 ಐರನ್ನಿಗೇ, ಕೆಲವು ಕಡೆ 5ಕ್ಕೇ, 7 ಅಂತ ಬರೆದ ಹಾಗೆ. ಹೊಸ ತಲೆಗಳು ಚೆಂಡನ್ನು ಸುಲಭವಾಗಿ ಎತ್ತುತ್ತವೆ, ಅದು ನಿಜ. ಆದರೆ ಆ ಇಪ್ಪತ್ತು ಗಜದಲ್ಲಿ ಬಹುಪಾಲು ನಂಬರಿನ ಆಟ.

ಈ ನಂಬರಿನ ಆಟಕ್ಕೆ ಬಾಲವೂ ಇದೆ. ಪಿಚಿಂಗ್ ವೆಜ್ ಹಿಂದೆ 48 ಡಿಗ್ರಿ ಇರುತ್ತಿತ್ತು, ಈಗಿನ ಸೆಟ್ಟುಗಳಲ್ಲಿ 44ಕ್ಕೆ ಇಳಿದಿದೆ. ಸ್ಯಾಂಡ್ ವೆಜ್ ಇದ್ದಲ್ಲೇ ಇದೆ, 56. ಮಧ್ಯೆ 12 ಡಿಗ್ರಿ ಹಳ್ಳ. ಎಂಬತ್ತು ಗಜದ ಹೊಡೆತಕ್ಕೆ ಕೈಯಲ್ಲಿ ಕ್ಲಬ್ಬೇ ಇರುವುದಿಲ್ಲ. ಮುಂದೆ ಮಗ ಐರನ್ ಸೆಟ್ ತರುವುದಾದರೆ 50 ಡಿಗ್ರಿಯ ಗ್ಯಾಪ್ ವೆಜ್ ಒಂದು ಜೊತೆಗಿರಲಿ ಅಂತ ಹೇಳಿ. ಬ್ಯಾಗಿನಲ್ಲಿ ಒಟ್ಟು 14 ಕ್ಲಬ್ ಮೀರಬಾರದು, ಆ ನಿಯಮ ಬದಲಾಗಿಲ್ಲ. ಹೈಬ್ರಿಡ್ ಸೇರಿಸಿದರೂ ನೀವು ಅದರ ಹತ್ತಿರವೂ ಬರುವುದಿಲ್ಲ. ಹನ್ನೊಂದು ಕ್ಲಬ್ ಧಾರಾಳ ಸಾಕು, ಹೊರುವವನ ಬೆನ್ನಿಗೂ ಒಳ್ಳೇದು.

ಚೆಂಡಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ರಬ್ಬರ್ ದಾರ ಸುತ್ತಿದ ಬಲಾಟಾ ಚೆಂಡು ಈಗ ಆಟದಲ್ಲಿಲ್ಲ. ಪ್ರೊ ವಿ1 ಅನ್ನುವ ಚೆಂಡು 2000ದಲ್ಲಿ ಬಂದ ಮೇಲೆ ಅದು ಬೇಗ ಮೂಲೆ ಸೇರಿತು. ನಿಮಗೆ ಮೆತ್ತನೆಯ ಟೂ ಪೀಸ್ ಚೆಂಡು ಸಾಕು. ಮೊದಲ ತಿಂಗಳು ಹೇಗೂ ಡಜನ್‌ಗಟ್ಟಲೆ ಕಳೆಯುತ್ತೀರಿ. ಕ್ಯಾಡಿಗಳ ಹತ್ತಿರ ಕೆರೆಯಿಂದ ತೆಗೆದ ಚೆಂಡು ಸಿಗುತ್ತದೆ, ಕೇಳಿ. ಕಳೆದ ಚೆಂಡು ಹುಡುಕಲು ಈಗ ಐದು ನಿಮಿಷ ಇಲ್ಲ, 2019ರ ನಿಯಮದಲ್ಲಿ ಮೂರೇ ನಿಮಿಷ. ಡ್ರಾಪ್ ಮಾಡುವುದೂ (ಚೆಂಡನ್ನು ಕೈಯಿಂದ ಬೀಳಿಸಿ ಆಟಕ್ಕೆ ತರುವುದು) ಭುಜದ ಎತ್ತರದಿಂದಲ್ಲ, ಮೊಣಕಾಲಿನ ಎತ್ತರದಿಂದ. ಬಾವುಟ ತೆಗೆಯದೇ ಪಟ್ ಮಾಡಬಹುದು. ಮೊದಲ ದಿನ ಹಳೇ ಅಭ್ಯಾಸದಲ್ಲಿ ಭುಜದಿಂದ ಬೀಳಿಸಿ ನಾನು ನಗೆಪಾಟಲಾದೆ.

ಶೂ ಮಾತ್ರ ಹೊಸದೇ ಬೇಕು. ಅಟ್ಟದ ಮೇಲಿನ ಹಳೇ ಶೂ ನೋಡಲು ಚೆನ್ನಾಗೇ ಇರುತ್ತದೆ. ಎರಡನೇ ಕುಳಿ ತಲುಪುವಷ್ಟರಲ್ಲಿ ಅಡಿ ಪುಡಿಪುಡಿಯಾಗಿ ಕಳಚಿಕೊಳ್ಳುತ್ತದೆ. ಕಬ್ಬಿಣದ ಮೊಳೆ ಇರುವ ಶೂಗಳನ್ನು ಬಹುಪಾಲು ಕಡೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹಾಳಾಗುತ್ತದೆ ಅಂತ ಬಿಡುವುದೂ ಇಲ್ಲ.

ಪ್ರಶ್ನೆ: ವಯಸ್ಸು 44. ಕಾಲೇಜಿನಲ್ಲಿದ್ದಾಗ ಅಪ್ಪನ ಜೊತೆ ಆಡುತ್ತಿದ್ದೆ. ಮದುವೆ, ಮಕ್ಕಳು, ಕೆಲಸ ಅಂತ ಇಪ್ಪತ್ತು ವರ್ಷ ಬಿಟ್ಟೆ. ಮನೆಯಲ್ಲಿ ಯಜಮಾನರ ಸೆಟ್ ಇದೆ. ಅದರಲ್ಲೇ ಶುರು ಮಾಡಬಹುದಾ? ಲೇಡೀಸ್ ಸೆಟ್ ಅಂದರೆ ಬರೀ ಗುಲಾಬಿ ಬಣ್ಣವೋ, ನಿಜಕ್ಕೂ ವ್ಯತ್ಯಾಸ ಇದೆಯೋ?
– ಓದುಗಿ, ಬೆಂಗಳೂರು

ಉತ್ತರ: ವ್ಯತ್ಯಾಸ ಇದೆ ಮೇಡಂ. ಶಾಫ್ಟ್ ಹಗುರ, ಹೆಚ್ಚು ಬಾಗುತ್ತದೆ, ಸುಮಾರು ಒಂದು ಇಂಚು ಗಿಡ್ಡ, ಗ್ರಿಪ್ ತೆಳು. ಯಜಮಾನರ ಸ್ಟೀಲ್ ಶಾಫ್ಟಿನಲ್ಲಿ ಶುರು ಮಾಡಿದರೆ ಆಟ ಮರೆತೇಹೋಗಿದೆ ಅಂತ ಅನ್ನಿಸುತ್ತದೆ. ಆಟ ಮರೆತಿರುವುದಿಲ್ಲ, ಕ್ಲಬ್ ಭಾರ ಅಷ್ಟೇ. ಆದರೆ ಹೆಣ್ಣುಮಕ್ಕಳಿಗೆಲ್ಲ ಒಂದೇ ಸೆಟ್ ಅನ್ನುವುದೂ ಸುಳ್ಳು. ನೀವು ಐದೂವರೆ ಅಡಿ ಮೇಲಿದ್ದು ಚೆನ್ನಾಗಿ ಬೀಸುವವರಾದರೆ ಗಂಡಸರ ಸೀನಿಯರ್ ಶಾಫ್ಟೇ ಹೊಂದಬಹುದು. ನೇರವಾಗಿ ನಿಂತು, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಅಳೆಸಿಕೊಂಡು ಹೋಗಿ. ಬರೀ ಎತ್ತರಕ್ಕಿಂತ ಆ ಅಳತೆ ಉಪಯೋಗ. ಪೂರ್ತಿ ಸೆಟ್ ಬೇಡ, ಏಳೆಂಟು ಕ್ಲಬ್ಬಿನ ಅರ್ಧ ಸೆಟ್ ಸಾಕು.

ನಿಮ್ಮೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದದ್ದು ನೆನಪಿದೆಯಲ್ವಾ? 2021ರ ಆಗಸ್ಟ್, ಕ್ಯಾಡಿಯಾಗಿ ಅವರಮ್ಮನೇ ಕಿಟ್ಟು ಹಿಡಿದಿದ್ದರು. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಉದ್ದ ಹೊಡೆಯುವವರ ಸಾಲಿನಲ್ಲಿ ಅವರು ಇರಲೇ ಇಲ್ಲ, ಪಟಿಂಗಿನಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸಿದರು. ಅರ್ಧ ಸೆಟ್ ಕೊಂಡು ಉಳಿದ ದುಡ್ಡಿಗೆ ನಿಮಗೆ ಹೊಂದುವ ಒಳ್ಳೆ ಪಟರ್ ತೆಗೆದುಕೊಳ್ಳಿ. ಬಣ್ಣ ನಿಮ್ಮಿಷ್ಟ.

ಪ್ರಶ್ನೆ: ಆನ್‌ಲೈನಿನಲ್ಲಿ ದೊಡ್ಡ ಕಂಪನಿಯ ಹೊಸ ಡ್ರೈವರ್ ಕಾಲು ಭಾಗದ ಬೆಲೆಗೆ ಇದೆ. ತೆಗೆದುಕೊಳ್ಳಲಾ?
– ಹುಬ್ಬಳ್ಳಿ

ಉತ್ತರ: ಬೇಡ. ನಕಲಿ ಮಾಲು ಈ ಆಟದಲ್ಲಿ ತುಂಬಾ ಇದೆ. ಆಗಲೇ ಕೊಂಡಿದ್ದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಡ್ರೈವರಿನ ಮುಖಕ್ಕೆ ಹಿಡಿಯಿರಿ. ಟೈಟಾನಿಯಂಗೆ ಅದು ಅಂಟುವುದಿಲ್ಲ. ಅಂಟಿದರೆ ನೀವು ಕೊಂಡದ್ದು ಕಬ್ಬಿಣ. ಅಂಟಲಿಲ್ಲ ಅಂತ ಅಸಲಿ ಅನ್ನುವ ಹಾಗೂ ಇಲ್ಲ, ಶಾಫ್ಟ್ ಸೇರುವ ಕತ್ತಿನ ಮೇಲಿರುವ ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿ ಕೇಳಿ.

ಪ್ರಶ್ನೆ: ತೀರಿಹೋದ ನಮ್ಮಪ್ಪನ ಪಟರ್ ನನ್ನ ಹತ್ತಿರ ಇದೆ. ಹಿತ್ತಾಳೆಯದು, ಐವತ್ತು ವರ್ಷ ಹಳೇದು. ಹದಿನೈದು ವರ್ಷದ ನಂತರ ಆಟಕ್ಕೆ ಬರುತ್ತಿದ್ದೇನೆ. ಇದರಲ್ಲಿ ಆಡಿದರೆ ನಿಯಮ ಒಪ್ಪುತ್ತದಾ? ಸ್ನೇಹಿತರು ನಗುತ್ತಾರೆ.
– ಮಡಿಕೇರಿ

ಉತ್ತರ: ಮಾಮೂಲಿ ಆಕಾರದ ಪಟರ್ ಆಗಿದ್ದರೆ ಧಾರಾಳವಾಗಿ ಆಡಿ. ನಿಯಮ ನಿಲ್ಲಿಸಿದ್ದು ಉದ್ದನೆಯ ಪಟರನ್ನು ಎದೆಗೋ ಹೊಟ್ಟೆಗೋ ಆನಿಸಿ ಹೊಡೆಯುವುದು, ಅದೂ 2016ರಿಂದ. ಕುಳಿಯ ಅಗಲ ನಿಮ್ಮಪ್ಪನ ಕಾಲದಲ್ಲಿದ್ದಷ್ಟೇ ಇದೆ, ನಾಲ್ಕೂಕಾಲು ಇಂಚು. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ರಿಪ್ ಚರ್ಮದ್ದಾಗಿದ್ದರೆ ಬಿಚ್ಚುವ ಮೊದಲು ನನಗೊಂದು ಫೋಟೋ ಕಳಿಸಿ. ಸುತ್ತಿದ ಚರ್ಮದ ಗ್ರಿಪ್ಪನ್ನು ಉಳಿಸಿಕೊಳ್ಳಬಹುದು, ನನ್ನ ಹತ್ತಿರ ಅದಕ್ಕೆ ಬೇಕಾದ ಎಣ್ಣೆ ಇನ್ನೂ ಅರ್ಧ ಬಾಟಲಿ ಇದೆ.