ಮೂಢನಿಗೆ ಉತ್ತರ ಕೊಡಬೇಕೋ, ಬೇಡವೋ?

ಓದುಗರೊಬ್ಬರ ಪತ್ರದ ಸಾರ: "ವಾದದ ನಡುವೆ ನನ್ನ ಎದುರಾಳಿ 'ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ' ಎಂಬ, ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ ಮಾತು (26:4, ಅಂದರೆ 26ನೇ ಅಧ್ಯಾಯದ 4ನೇ ವಚನ) ಹೇಳಿ ಎದ್ದುಹೋದರು. ತೆರೆದು ನೋಡಿದರೆ ಮರುವಚನವೇ 'ಉತ್ತರ ಕೊಡು' ಎನ್ನುತ್ತದೆ. ಎರಡರಲ್ಲೊಂದು ತಪ್ಪಿರಬೇಕಲ್ಲವೇ? ಅಷ್ಟಕ್ಕೂ ಎರಡು ಪದವಿ ಪಡೆದ ನಾನು ಮೂಢ ಹೇಗಾದೇನು?"

ಸಂಪಾದಕರ ಉತ್ತರ: ಮರುವಚನ ಓದಿದಿರಲ್ಲ, ಅದಕ್ಕೇ ಮೊದಲ ಶಹಬ್ಬಾಸ್. ನಿಮ್ಮ ಎದುರಾಳಿ ಅಷ್ಟನ್ನೂ ಮಾಡಿದಂತೆ ಕಾಣುವುದಿಲ್ಲ.

ವಿರೋಧ ಇದೆ, ಒಪ್ಪಿದೆ. ಒಂದು ಒಬ್ಬ ಮೂಢನ ಬಗ್ಗೆ, ಇನ್ನೊಂದು ಬೇರೊಬ್ಬನ ಬಗ್ಗೆ ಎಂದು ಜಾರಿಕೊಳ್ಳಲೂ ಆಗದು. ಹೀಬ್ರೂ ಮೂಲದಲ್ಲಿ ಎರಡೂ ಕಡೆ 'ಕೆಸೀಲ್' ಎಂಬ ಒಂದೇ ಪದವಿದೆ. ಯೆಹೂದ್ಯ ಪಂಡಿತರಿಗೂ ಇದು ಗಂಟಲಲ್ಲಿ ಸಿಕ್ಕಿತ್ತು. ಇಂಥ ವಿರೋಧಗಳಿಂದಾಗಿ ಈ ಪುಸ್ತಕವನ್ನೇ ಬದಿಗಿಡುವ ಯೋಚನೆ ನಡೆದಿತ್ತೆಂದು ಆ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಧರ್ಮಶಾಸ್ತ್ರದ ಮಾತಾದರೆ ಉತ್ತರಿಸು, ಲೋಕದ ಮಾತಾದರೆ ಬಿಡು ಎಂಬುದು ಅಲ್ಲಿನ ಪರಿಹಾರ. ಜಾಣತನದ್ದೇ, ಆದರೆ ನನಗೆ ರುಚಿಸದು. ಎರಡೂ ವಚನಗಳ ಉತ್ತರಾರ್ಧ ಓದಿ. ಮೊದಲನೆಯದು, ಉತ್ತರ ಕೊಟ್ಟರೆ ನೀನೂ ಅವನಂತಾಗುವೆ ಎನ್ನುತ್ತದೆ. ಎರಡನೆಯದು, ಕೊಡದಿದ್ದರೆ ಅವನು ತಾನೇ ಜ್ಞಾನಿ ಎಂದುಕೊಳ್ಳುವನು ಎನ್ನುತ್ತದೆ. ಒಂದರಲ್ಲಿ ಅಪಾಯ ನಿಮಗೆ, ಇನ್ನೊಂದರಲ್ಲಿ ಅವನಿಗೆ. ಈ ಹೊತ್ತಿನಲ್ಲಿ ಯಾವುದು ದೊಡ್ಡದೆಂದು ತೂಗುವ ಕೆಲಸವನ್ನು ಪುಸ್ತಕ ನಿಮ್ಮ ತಲೆಗೇ ಬಿಟ್ಟಿದೆ. 'ತಾಳಿದವನು ಬಾಳಿಯಾನು' ಎನ್ನುವ ನಾಲಿಗೆಯೇ 'ನಾಳೆ ಎಂದವನ ಮನೆ ಹಾಳು' ಎಂದಾಗ ನಾವು ಗಾದೆಗಳ ಮೇಲೆ ಮೊಕದ್ದಮೆ ಹೂಡುತ್ತೇವೆಯೇ?

ತೂಗುವುದಕ್ಕೆ ಮೊದಲು ಎದುರಿಗಿರುವವನು ಯಾರೆಂದು ನೋಡಬೇಕು. ಅನುವಾದದಲ್ಲಿ ಮೂಢ, ಮೂರ್ಖ ಎಂಬೆರಡು ಮಾತುಗಳೊಳಗೆ ಕರಗಿಹೋಗುವ ಪದಗಳು ಮೂಲದಲ್ಲಿ ಹಲವಿವೆ. 'ಪೆತೀ' ಎಂದರೆ ಹೇಳಿದ್ದನ್ನೆಲ್ಲ ನಂಬುವ ಎಳಸು. ಪುಸ್ತಕ ಬರೆದದ್ದೇ ಅವನಿಗೆ ಬುದ್ಧಿ ಬರಲೆಂದು (1:4). ಅವನಿಗೆ ಸಮಾಧಾನದಿಂದ ವಿವರಿಸಿ. 'ಕೆಸೀಲ್' ತನ್ನ ಮೊಂಡುತನದಲ್ಲೇ ಹಾಯಾಗಿರುವವನು. ತೂಗಬೇಕಾದದ್ದು ಇವನ ಮುಂದೆ. 'ಲೇತ್ಸ್' ಎಂಬ ಕುಚೋದ್ಯಗಾರನನ್ನು ತಿದ್ದಹೋದರೆ ಹಗೆಯೇ ಲಾಭ (9:8). ಅವನಿಗೆ ಪೆಟ್ಟು ಬಿದ್ದದ್ದನ್ನು ಕಂಡು ಪಕ್ಕದ ಪೆತೀ ಕಲಿತಾನು (19:25), ಅಷ್ಟೇ. ಕೊನೆಯವನು 'ನಾಬಾಲ್'. ಈ ಪದವೇ ಹೆಸರಾದವನನ್ನು ಒಂದು ಕಥೆಯಲ್ಲೇ ನೋಡಬಹುದು.

ಬೈಬಲಿನದೇ ಸಮುವೇಲನ ಮೊದಲನೆಯ ಪುಸ್ತಕದ 25ನೇ ಅಧ್ಯಾಯದ ನಾಬಾಲನಿಗೆ 3,000 ಕುರಿ, 1,000 ಮೇಕೆ. ವ್ಯವಹಾರಕ್ಕೆ ಬೇಕಾದ ಬುದ್ಧಿ ಇದ್ದಿರಲೇಬೇಕು. ಅವನ ಆಳೊಬ್ಬ ಹೇಳುವ ದೂರೇ ಬೇರೆ: ಅವನ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ. ಇಡೀ ಬೈಬಲ್ ಮೂಢತನವೆಂದು ಕರೆಯುವುದು ಹೆಚ್ಚಾಗಿ ಇದನ್ನೇ. ಕೊರತೆ ತಲೆಯದ್ದಲ್ಲ, ಕಿವಿಯದ್ದು. ಅವನು, ಮುಂದೆ ರಾಜನಾಗಲಿದ್ದ ದಾವೀದನನ್ನು ಅವಮಾನಿಸುತ್ತಾನೆ. ದಾವೀದ 400 ಜನರಿಗೆ ಕತ್ತಿ ಕಟ್ಟಿಸಿ ಹೊರಡುತ್ತಾನೆ, ಅಂದರೆ ಮೂರ್ಖತನಕ್ಕೆ ತಕ್ಕ ಉತ್ತರ ಕೊಟ್ಟು ತಾನೂ ನಾಬಾಲನಾಗಲು. ನಾಬಾಲನ ಹೆಂಡತಿ ಅಬೀಗೈಲ್ 200 ರೊಟ್ಟಿ, 200 ಅಂಜೂರದ ಉಂಡೆ ಹೇರಿಸಿಕೊಂಡು ಅಡ್ಡ ಬಂದು ದಾವೀದನನ್ನು ತಡೆಯುತ್ತಾಳೆ. ಮನೆಗೆ ಮರಳಿದರೆ ಗಂಡ ಕುಡಿದು ಮತ್ತನಾಗಿದ್ದಾನೆ. ಬೆಳಗಾಗುವವರೆಗೆ ಅವಳು ತುಟಿ ಬಿಚ್ಚುವುದಿಲ್ಲ. ಅಮಲಿಳಿದ ಮೇಲೆ ಎಲ್ಲವನ್ನೂ ಹೇಳುತ್ತಾಳೆ. ರಾತ್ರಿ 4ನೇ ವಚನ, ಬೆಳಿಗ್ಗೆ 5ನೇ ವಚನ! ಹೇಳಿದ ಫಲವಾಗಿ ಅವನು ತಿದ್ದಿಕೊಂಡನೇ? ಇಲ್ಲ, ಎದೆ ಕಲ್ಲಾಗಿ ಹತ್ತು ದಿನಕ್ಕೆ ಸತ್ತ. ಸರಿಯಾದ ಹೊತ್ತಿಗೆ ಹೇಳಿದರೂ ಫಲದ ಖಾತರಿಯಿಲ್ಲ.

ಪದವಿಗಳ ಮಾತು ತೆಗೆದಿರಿ. ದಾವೀದನ ಮಗ, ಜ್ಞಾನಕ್ಕೆ ಹೆಸರಾದ ರಾಜ ಸೊಲೊಮೋನ ದೇವರನ್ನು ಬೇಡಿದ್ದು, ಮೂಲದ ಪ್ರಕಾರ, 'ಕೇಳಿಸಿಕೊಳ್ಳುವ ಹೃದಯ'. 3,000 ಜ್ಞಾನೋಕ್ತಿ ಹೇಳಿದ ಅಂಥವನ ಮಗ ರೆಹಬ್ಬಾಮ, ತೆರಿಗೆ, ಬಿಟ್ಟಿಗಳ ನೊಗ ಹಗುರ ಮಾಡೆಂದು ಬಂದ ಜನರಿಂದ ಮೂರು ದಿನದ ಗಡುವು ಪಡೆದ. ಮೆತ್ತಗೆ ಮಾತಾಡು ಎಂದ ಹಿರಿಯರನ್ನು ಬಿಟ್ಟು, ನನ್ನ ಕಿರುಬೆರಳು ಅಪ್ಪನ ಸೊಂಟಕ್ಕಿಂತ ದಪ್ಪ ಎನ್ನು ಎಂದ ಓರಗೆಯವರ ಮಾತು ಹಿಡಿದ. ರಾಜ್ಯ ಒಡೆದು ಹತ್ತು ಕುಲ ಕೈಬಿಟ್ಟವು. ಅರಮನೆಯ ಪಾಠಕ್ಕೇನು ಕೊರತೆಯಿತ್ತು, ಹೇಳಿ?

ನನ್ನ ನಿಜವಾದ ಸಿಟ್ಟು ಮಾತ್ರ ಬಿಡಿ ವಚನ ಕಿತ್ತು ಎಸೆಯುವ ಚಟದ ಮೇಲೆ. ಗೋಡೆಯ ಕ್ಯಾಲೆಂಡರು, ಮೊಬೈಲಿನ ಶುಭೋದಯ, ವಾದದ ಕೊನೆಯ ಗುಂಡು, ಎಲ್ಲದಕ್ಕೂ ಒಂದೊಂದು ಸಾಲು. ಹಿಂದೆ ಮುಂದೆ ಏನಿದೆಯೆಂದು ನೋಡುವ ವ್ಯವಧಾನವಿಲ್ಲ. ಇಂಥವರನ್ನು ಅದೇ ಅಧ್ಯಾಯ ಬಿಟ್ಟಿಲ್ಲ. ಮೂಢನ ಬಾಯಿಯ ಗಾದೆ ಕುಂಟನ ಜೋಲುವ ಕಾಲಿನಂತೆ (26:7), ಕುಡುಕನ ಕೈಯ ಮುಳ್ಳಿನಂತೆ (26:9). ಗಾದೆ ತಪ್ಪೆಂದಲ್ಲ, ಹಿಡಿದ ಕೈಯ ಮಾತು ಅದು.

ನಿಮಗೂ ಒಂದು ಕಿವಿಹಿಂಡು. ತನ್ನ ದೃಷ್ಟಿಯಲ್ಲಿ ತಾನೇ ಜ್ಞಾನಿಯಾದವನಿಗಿಂತ ಕೆಸೀಲನ ಮೇಲೆ ಹೆಚ್ಚು ಭರವಸೆ ಇಡಬಹುದು ಎನ್ನುತ್ತದೆ 12ನೇ ವಚನ. ಎರಡು ಪದವಿಗಳನ್ನು ಪಕ್ಕಕ್ಕಿಟ್ಟು 1ರಿಂದ 12ರವರೆಗೆ ಒಂದೇ ಉಸಿರಿನಲ್ಲಿ ಓದಿ. ಕೆಸೀಲ್ ಕಾಣಿಸಿಕೊಳ್ಳದ ವಚನ ಅಲ್ಲಿ ಒಂದೇ, ಎರಡನೆಯದು: ಕಾರಣವಿಲ್ಲದ ಶಾಪ ಹಾರಾಡುವ ಗುಬ್ಬಿಯಂತೆ, ಬಂದು ಕೂರುವುದಿಲ್ಲ. ಎದುರಾಳಿ ಹಾರಿಬಿಟ್ಟ ಮಾತು ನಿಮ್ಮ ತಲೆಯ ಮೇಲೆ ಕೂತಿದೆಯೋ ಇಲ್ಲವೋ, ಮುಂದಿನ ಪತ್ರದಲ್ಲಿ ಬರೆಯಿರಿ.