ನಂಬಿಕೆಯಿಂದಲೇ ರಕ್ಷಣೆ (ಪಾಪದಿಂದ ಬಿಡುಗಡೆ) ಎಂದ ಮೇಲೆ ಕ್ರೈಸ್ತರು ಸತ್ಕಾರ್ಯಗಳಿಗೆ ಇಷ್ಟು ಒತ್ತು ಕೊಡುವುದೇಕೆ?

ಈ ವಿರೋಧ ಮೇಲ್ನೋಟದ್ದು. ರಕ್ಷಣೆಯು ಕೃಪೆಯಿಂದ, ನಂಬಿಕೆಯ ಮೂಲಕ ದೊರೆಯುತ್ತದೆಯೇ ಹೊರತು ಕ್ರಿಯೆಗಳಿಂದಲ್ಲ ಎನ್ನುವ ಬೈಬಲಿನ ಎಫೆಸದವರ ಪತ್ರದ 2ನೆಯ ಅಧ್ಯಾಯವೇ, ಅದರ ಬೆನ್ನಿಗೆ, ನಾವು ಸತ್ಕ್ರಿಯೆಗಳಿಗಾಗಿ ನಿರ್ಮಿತರಾದವರು ಎಂದೂ ಹೇಳುತ್ತದೆ. ಅಂದರೆ ಸತ್ಕಾರ್ಯವು ರಕ್ಷಣೆಗೆ ತೆರುವ ಬೆಲೆಯಲ್ಲ, ಅದರ ಫಲ. ಯಾಕೋಬನ ಪತ್ರದ ಮಾತು ಇನ್ನೂ ನೇರ: ಬಟ್ಟೆಯೂ ಅನ್ನವೂ ಇಲ್ಲದೆ ಬಂದವನಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಎಂದು ಹಾರೈಸಿ ಬರಿಗೈಯಲ್ಲಿ ಕಳುಹಿಸಿದರೆ ಬಂದ ಪ್ರಯೋಜನವೇನು ಎಂದು ಅದು ಕೇಳುತ್ತದೆ.

ಇದು ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನನಗೆ ಮೊದಲು ನೆನಪಾಗುವುದು ಮಂಗಳೂರಿನ ಕಂಕನಾಡಿ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜರ್ಮನ್ ಜೆಸುಯಿಟ್ (ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ) ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಅಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು. ಆ ಕೆಲಸ ಆಲದ ಮರದಡಿ ಆರಂಭವಾಯಿತೆಂದು ಇಂದಿಗೂ ಹೇಳುತ್ತಾರೆ. ಕುಷ್ಠರೋಗಿಗಳನ್ನು ಮನೆಯವರೇ ಹೊಸ್ತಿಲು ತುಳಿಯಗೊಡದಿದ್ದ ಕಾಲದಲ್ಲಿ, 1890ರಲ್ಲಿ, ಅವರಿಗೊಂದು ಆಶ್ರಯಧಾಮ ಸಿದ್ಧವಾಯಿತು. 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿಯೂ ಆಸ್ಪತ್ರೆ ಆಯಿತು. ಹಸಿದವರಿಗೂ ರೋಗಿಗಳಿಗೂ ಮಾಡಿದ್ದನ್ನು ತನಗೇ ಮಾಡಿದಂತೆ ಎಂದು ಕ್ರಿಸ್ತನು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹೇಳುವಾಗ, ಆ ರೋಗಿ ಯಾವ ಮತದವನೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಸೇವೆಯನ್ನು ಮತಾಂತರದ ಆಮಿಷವಾಗಿಸಿದರೆ ಅದು ಈ ವಚನಕ್ಕೇ ದೂರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.